ತಂಬೂರಿ ಮಾಡಿಸಿದ ಸಂಗತಿ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಸಂಗೀತದ ವಾದ್ಯಕ್ಕೆಂದು ವರ್ಗಣಿ ಕೂಡಿಸಿ ಕಳಿಸಿದ ಹಣವು ಯಾವ ರೀತಿಯಾಗಿ ವೆಚ್ಚವಾಯಿತೆಂಬದನ್ನು ಅವರಿಗೂ, ತಮ್ಮ ಹೆಣ್ಣುಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ಪಾಲಕರಿಗೂ ತಿಳಿಸುವದು ನಮ್ಮ ಕರ್ತವ್ಯವಾಗಿದೆ. ಜಮಾಖರ್ಚಿನ ಪಟ್ಟಿಯು ಈ ಸಂಚಿಕೆಯ ಕೊನೆಗೆ ಬೇರೆಯಾಗಿ ಅಚ್ಚಾಗಿರುವದು. ಆದರೆ ಪಟ್ಟಿಯಲ್ಲಿ "ತಂಬೂರಿ, ದೊಡ್ಡ ಬುರುಡೆಯದು, ಒಂದು" ಎಂಬಷ್ಟೇ ಮಾತಿದೆ. ಈ ಸುದ್ದಿಯು ಹೇಗೋ ಮೊದಲೇ ಹೊರಬಿದ್ದು, "ಹೆಣ್ಣುಮಕ್ಕಳ ಶಾಲೆಗೆ ಗಂಡಸರ ತಂಬೂರಿ ಏತಕ್ಕೆ?" ಎಂದು ಕೆಲವರು ನಮ್ಮನ್ನು ಕೇಳಿರುವರು. ಪ್ರಶ್ನೆಯು ಯೋಗ್ಯವಾದದ್ದೇ. ಉತ್ತರವು ತುಸು ಉದ್ದವಾದೀತು. ವಾಚಕರು ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇವೆ.

ಹಣದೊಡನೆ ಸಲಹೆಗಳೂ ಬಂದವು. ಹಣಕ್ಕಿಂತ ಸಲಹೆಗಳೇ ಹೆಚ್ಚಾಗಿ ಬಂದವೆಂದರೆ ನಮ್ಮ ಹಳೆಯ ಮಕ್ಕಳು ಸಿಟ್ಟಾಗಲಿಕ್ಕಿಲ್ಲ. ಹೊಸ ಹಾರ್ಮೋನಿಯಮ್ ತರಿಸಿರೆಂದು ಕೆಲವರು, ವಿದ್ಯುತ್ತಿನಿಂದ ನುಡಿಯುವ ಶ್ರುತಿಪೆಟ್ಟಿಗೆ ಸಾಕೆಂದು ಕೆಲವರು, ಏನನ್ನೂ ಕೊಳ್ಳದೆ ಮೊಬೈಲಿನಲ್ಲಿಯೇ ತಂಬೂರಿಯನ್ನು ನುಡಿಸಬಹುದಲ್ಲಾ ಎಂದು ಒಬ್ಬರು ಬರೆದರು. ಬೆಂಗಳೂರಿನಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿನಿಯು ನಮ್ಮ ಗಾಯನ ಮಂಡಲಿಗೆ ಬಾಸ್ ಗಿಟಾರು ಕೊಳ್ಳಿರೆಂದು ನಾಲ್ಕು ಪುಟದ ಪತ್ರವನ್ನೇ ಕಳಿಸಿದಳು. ಅವಳ ಮಗನು ತಮ್ಮ ಸಭೆಯ ಆರಾಧನೆಯಲ್ಲಿ ಅದನ್ನು ಬಾರಿಸುತ್ತಾನಂತೆ. ಅಂಗಡಿಯಲ್ಲಿ ತೂಗುಹಾಕಿದ್ದನ್ನು ತಾರದೆ ತನಗಾಗಿಯೇ ಒಂದನ್ನು ಮಾಡಿಸಿಕೊಂಡನಂತೆ. ಕಟ್ಟಿಗೆ ಯಾವದು, ಕತ್ತಿನ ಅಗಲವೆಷ್ಟು, ತೂಕವೆಷ್ಟು, ಅವನ ಬೆರಳುಗಳು ಎಲ್ಲಿಯವರೆಗೆ ಚಾಚುವವು ಎಂಬದನ್ನೆಲ್ಲ ಮಾಡುವವನು ಕೇಳಿ ಬರೆದುಕೊಂಡು, ತಿಂಗಳುಗಟ್ಟಲೆ ಕಾಯಿಸಿ ಕೊಟ್ಟನಂತೆ. ಬಾಸ್ ಗಿಟಾರು ನಮಗೆ ಬೇಕೆನಿಸಲಿಲ್ಲ. ಆದರೆ ನುಡಿಸುವವರ ಅಳತೆಗೆ ತಕ್ಕಂತೆ ವಾದ್ಯವನ್ನು ಮಾಡಿಸಬಹುದೆಂಬ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ಹಾಗಾದರೆ ನಮ್ಮ ಮಕ್ಕಳ ಅಳತೆ ಯಾವದು? ಮೂವತ್ತು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಸ್ವರದಲ್ಲಿ ಹಾಡಿಸುವ ಶಾಲೆಗಳಲ್ಲಿ ಈ ಪ್ರಶ್ನೆಯನ್ನು ಕೇಳುವವರು ವಿರಳ.

ತಂಬೂರಿಯನ್ನೇ ತರಬೇಕೆಂದು ನಾವು ನಿಶ್ಚಯಿಸಿದ್ದಕ್ಕೆ ಊರಿನ ಅಭಿಮಾನವೂ ಒಂದು ಕಾರಣವೆಂದು ಒಪ್ಪುತ್ತೇವೆ. ಮಲ್ಲಿಕಾರ್ಜುನ ಮನಸೂರರೂ, ಬಸವರಾಜ ರಾಜಗುರುಗಳೂ, ಗಂಗೂಬಾಯಿ ಹಾನಗಲ್ಲರೂ ಬಾಳಿದ ಈ ಅವಳಿ ಊರುಗಳಲ್ಲಿ ಕಲಿಯುವ ಹುಡುಗಿಯು ನಿಜವಾದ ತಂಬೂರಿಯ ನಾದವನ್ನು ಹತ್ತಿರದಿಂದ ಕೇಳದೆಯೇ ಹತ್ತನೆಯ ಇಯತ್ತೆ ಮುಗಿಸಿ ಹೋಗುವದು ನಮಗೆ ಸರಿಯಾಗಿ ಕಾಣಲಿಲ್ಲ. ಇನ್ನೊಂದು ಕಾರಣವು ಹಾರ್ಮೋನಿಯಮ್ಮಿಗೆ ಸಂಬಂಧಿಸಿದ್ದು. ನಮ್ಮ ಪ್ರಾರ್ಥನೆಯ ಹಾರ್ಮೋನಿಯಮ್ಮಿನ ಉಪಕಾರವನ್ನು ನಾವು ಮರೆತವರಲ್ಲ. ಆದರೂ ಅದರ ಪಟ್ಟಿಗಳು ಹನ್ನೆರಡು ಅರ್ಧಸ್ವರಗಳನ್ನು ಸಮನಾಗಿ ಹಂಚಿ ಕೂಡ್ರಿಸಿದವುಗಳು. ಅದರ ಗಾಂಧಾರವು ಸಹಜ ಗಾಂಧಾರಕ್ಕಿಂತ ತುಸು ಮೇಲಿರುವದು. ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು ವ್ಯತ್ಯಾಸ. ಇಷ್ಟು ಸಣ್ಣ ಮಾತಿಗೆ ದೊಡ್ಡ ವಾದಗಳಾಗಿವೆ. 1940ರಲ್ಲಿ ಆಕಾಶವಾಣಿಯವರು ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿದರು, ಮತ್ತು ಆ ಬಹಿಷ್ಕಾರವು ಮೂರು ದಶಕಗಳವರೆಗೆ ನಡೆಯಿತು. ಆದ್ದರಿಂದ 1950ರ ಜನವರಿಯಲ್ಲಿ ಧಾರವಾಡದಲ್ಲಿ ಬಾನುಲಿ ಕೇಂದ್ರವು ಆರಂಭವಾದಾಗ ಹಾರ್ಮೋನಿಯಮ್ಮಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಾವು ಅಷ್ಟು ಕಠಿಣರಲ್ಲ. ಹಾರ್ಮೋನಿಯಮ್ಮು ಹಾಡನ್ನು ಮುಂದೆ ನಿಂತು ಎಳೆದೊಯ್ಯುವದು, ತಂಬೂರಿಯು ಹಿಂದೆ ಕುಳಿತು ಕಾಯುವದು. ಕಲಿಯುವ ಕಿವಿಗೆ ಎರಡನೆಯದೂ ಬೇಕು.

ಮೊಬೈಲಿನ ತಂಬೂರಿಯನ್ನೂ ನಾವು ಹಳಿಯುವದಿಲ್ಲ. ಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡುವ ಹುಡುಗಿಗೆ ಅದರಿಂದ ಬಹಳ ಅನುಕೂಲವಿದೆ, ಖರ್ಚೂ ಇಲ್ಲ. ಆದರೆ ಅದಕ್ಕೆ ಶ್ರುತಿ ಕೂಡಿಸುವ ಕೆಲಸವಿಲ್ಲ. ಕಿವಿಯು ಪಳಗುವದು ಶ್ರುತಿ ಕೂಡಿಸುವಾಗಲೇ.

ತಂಬೂರಿ ಮಾಡುವವರಿಗೆ ಪತ್ರ ಬರೆದಾಗ ಅವರಿಂದ ಬಂದ ಮೊದಲನೆಯ ಪ್ರಶ್ನೆಯು, "ಯಾವ ಸ್ವರಕ್ಕೆ?" ಎಂಬದಾಗಿತ್ತು. ವಿಚಿತ್ರವೇನೆಂದರೆ ನಮ್ಮ ಕಡೆಯ ಗಾಯಕರೆಲ್ಲರೂ ತಮ್ಮ ಷಡ್ಜವನ್ನು ಹಾರ್ಮೋನಿಯಮ್ಮಿನ ಪಟ್ಟಿಯ ಲೆಕ್ಕದಲ್ಲಿಯೇ ಹೇಳುವರು: ಕರಿ ಒಂದು, ಬಿಳಿ ಐದು, ಕರಿ ನಾಲ್ಕು, ಹೀಗೆ. ನಮ್ಮ ಸಂಗೀತದ ಶಿಕ್ಷಕಿಯರೂ ನಾವೂ ಕೂಡಿ ಮೂರು ವಾರ ಶಾಲೆ ಬಿಟ್ಟ ಮೇಲೆ ಕುಳಿತು, ಎಂಟನೆಯ ಇಯತ್ತೆಯಿಂದ ಹತ್ತನೆಯದರ ವರೆಗಿನ ಮಕ್ಕಳನ್ನು ಒಬ್ಬೊಬ್ಬಳನ್ನಾಗಿ ಕರೆದು ಧ್ವನಿಯನ್ನು ಪರೀಕ್ಷಿಸಿದೆವು. ಪರೀಕ್ಷೆಯೆಂಬ ಶಬ್ದವು ಕಿವಿಗೆ ಬಿದ್ದೊಡನೆ ಮಕ್ಕಳ ಗಂಟಲು ಒಣಗುವದು. ಆದುದರಿಂದ ಮೊದಲು ಅವರ ಹೆಸರು ಕೇಳಿ, ಮನೆಯಲ್ಲಿ ಈ ದಿವಸ ಏನು ಅಡಿಗೆಯೆಂದು ಕೇಳಿ, ಮಾತಾಡುವ ಧ್ವನಿಯನ್ನು ಗಮನಿಸಿ, ಆ ಮೇಲೆ ಹಾಡಲು ಹೇಳಿದೆವು. ಕೆಳಗಿನ ಪಂಚಮವು ಕಷ್ಟವಿಲ್ಲದೆ ಬರಬೇಕು, ಮೇಲಿನ ಷಡ್ಜವನ್ನು ದಾಟಿ ಪಂಚಮದ ಕಡೆಗೆ ಹೋಗುವಾಗ ಕುತ್ತಿಗೆಯ ನರ ಬಿಗಿಯಬಾರದು. ಇವೆರಡರ ನಡುವೆ ಎಲ್ಲಿ ಹಿತವೋ ಅಲ್ಲಿ ಅವಳ ಷಡ್ಜವು.

ಹೆಚ್ಚಿನ ಮಕ್ಕಳ ಷಡ್ಜವು ಕರಿ ನಾಲ್ಕು, ಬಿಳಿ ಆರು, ಇವುಗಳ ಆಸುಪಾಸಿಗೇ ನಿಂತಿತು. ಇದು ನಿರೀಕ್ಷಿಸಿದ್ದೇ. ಆದರೆ ಹನ್ನೊಂದು ಮಕ್ಕಳ ಹೆಸರಿನ ಮುಂದೆ ಬಿಳಿ ನಾಲ್ಕು, ಬಿಳಿ ಮೂರು ಎಂದು ಬರೆಯಬೇಕಾಯಿತು. ಪ್ರಾರ್ಥನೆಯ ಹೊತ್ತಿನಲ್ಲಿ ಈ ಹನ್ನೊಂದು ಮಕ್ಕಳು ನಿಲ್ಲುವ ಸ್ಥಳಗಳನ್ನು ಮರುದಿನ ನಾವು ನೋಡಿದೆವು. ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ಹಿಂದಿನ ಸಾಲು. ಅವರ ತುಟಿಗಳು ಆಡುತ್ತಿದ್ದವು, ಧ್ವನಿಯು ಹೊರಡುತ್ತಿರಲಿಲ್ಲ.

ಅವರಲ್ಲಿ ಒಬ್ಬಳು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿಯುವ ಪಾಲಕರೊಬ್ಬರ ಮಗಳು, ಒಂಬತ್ತನೆಯ ಇಯತ್ತೆಯವಳು, ನಮ್ಮ ಬೋರ್ಡಿಂಗಿನಲ್ಲಿರುವವಳು. ಅವಳನ್ನು ಹಾಡೆಂದಾಗ, "ಬ್ಯಾಡ್ರಿ ಅಕ್ಕಾರ, ನನ್ನ ದನಿ ಗಂಡಸರ ದನಿ ಐತ್ರಿ" ಎಂದು ಗೋಡೆಯ ಕಡೆಗೆ ನೋಡಿದಳು. ಯಾರು ಹಾಗಂದರೆಂದು ಕೇಳಿದರೆ, ಹಿಂದೆ ತಾನು ಕಲಿತ ಒಂದು ಶಾಲೆಯಲ್ಲಿ ಹಾಡಿನ ಸ್ಪರ್ಧೆಯ ದಿವಸ ದೊಡ್ಡವರೊಬ್ಬರು ಎಲ್ಲರೆದುರಿಗೆ ಅಂದರೆಂದಳು. ಅಂದಿನಿಂದ ನಾಲ್ಕು ವರ್ಷ ಅವಳು ಯಾರ ಮುಂದೆಯೂ ಹಾಡಿರಲಿಲ್ಲ. ನಾವು ಪಟ್ಟು ಬಿಡದೆ ಕೂಡ್ರಿಸಿಕೊಂಡ ಮೇಲೆ ಒಂದು ಕೀರ್ತನೆಯ ಎರಡು ಸಾಲು ಹಾಡಿದಳು. ಶಿಕ್ಷಕಿಯರು ಪೆನ್ಸಿಲನ್ನು ಕೆಳಗಿಟ್ಟು ನಮ್ಮ ಮುಖವನ್ನು ನೋಡಿದರು. ದುಂಡನೆಯ, ತುಂಬಿದ, ಅಲುಗಾಡದ ಧ್ವನಿ. ಆದರೆ ನಮ್ಮ ಹಾರ್ಮೋನಿಯಮ್ಮು ನಿತ್ಯ ಹಿಡಿಯುವ ಸ್ವರದಲ್ಲಿ ಅವಳು ಹಾಡಹೋದರೆ ಮೇಲಿನ ಸ್ವರದಲ್ಲಿ ಕರ್ಕಶವಾಗಿ ಒಡೆಯುವದು ಖಂಡಿತ. ಧ್ವನಿಯಲ್ಲಿ ದೋಷವಿರಲಿಲ್ಲ, ಅದನ್ನು ಕೂಡ್ರಿಸಿದ ಸ್ಥಳದಲ್ಲಿ ದೋಷವಿತ್ತು.

ಈ ಊರಿನ ಜನರಿಗೆ ಇದನ್ನು ವಿವರಿಸಿ ಹೇಳಬೇಕಾದ ಕಾರಣವಿಲ್ಲ. ಗಂಗೂಬಾಯಿಯವರು ಎಳೆಯ ಹರೆಯದಲ್ಲಿ ತೆಳುವಾದ ಎತ್ತರದ ಧ್ವನಿಯಿಂದ ಹಾಡುತ್ತಿದ್ದರು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧಿಯವರ ಸಮ್ಮುಖದಲ್ಲಿ ಹಾಡಿದ ಬಾಲಿಕೆಯರಲ್ಲಿ ಅವರೂ ಒಬ್ಬರು. ಮುಂದೆ ಗಂಟಲಿನ ಬೇನೆಯಾಗಿ ಟಾನ್ಸಿಲಿನ ಚಿಕಿತ್ಸೆಯಾದ ತರುವಾಯ ಧ್ವನಿಯು ತಗ್ಗಿ ಗಂಭೀರವಾಯಿತು. ಇನ್ನೊಬ್ಬರಾಗಿದ್ದರೆ ತಂಬೂರಿಯನ್ನು ಗೂಟಕ್ಕೆ ತೂಗುಹಾಕಿಬಿಡುತ್ತಿದ್ದರು. ಅವರಾದರೋ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತು, ಆ ಧ್ವನಿಯನ್ನೇ ಲೋಕವು ಎದ್ದು ನಿಂತು ಕೇಳುವಂತೆ ಮಾಡಿದರು. ಶಾಲೆಯಲ್ಲಿ ಐದನೆಯ ಇಯತ್ತೆಯ ವರೆಗೆ ಮಾತ್ರ ಕಲಿತವರು ಅವರು. ಮುಖ್ಯಾಧ್ಯಾಪಿಕೆಯಾದ ನಾವು ಇದನ್ನು ಬರೆಯುವಾಗ ಸ್ವಲ್ಪ ಸಂಕೋಚವಾಗುತ್ತದೆ. ಅವರ ಹಳೆಯ ಮುದ್ರಿಕೆಯೊಂದನ್ನೂ ಅವರ ಮುಪ್ಪಿನ ಗಾಯನವನ್ನೂ ಒಂದರ ಹಿಂದೊಂದು ಆ ಹನ್ನೊಂದು ಮಕ್ಕಳಿಗೆ ಕೇಳಿಸಿದೆವು. ಇವರಿಬ್ಬರೂ ಒಬ್ಬರೆಂದು ಅವರು ಮೊದಲು ನಂಬಲೊಲ್ಲರು.

ಇನ್ನು ಕಮಿಟಿಯ ವಿಚಾರ. ತಂಬೂರಿಗಳಲ್ಲಿ ಗಂಡು ತಂಬೂರಿ, ಹೆಣ್ಣು ತಂಬೂರಿಯೆಂದು ವ್ಯಾಪಾರಸ್ಥರು ಎರಡು ಜಾತಿ ಮಾಡಿರುವರು. ಗಂಡಿನದು ಸುಮಾರು ಐದಡಿ ಉದ್ದ, ದೊಡ್ಡ ಬುರುಡೆ, ಕರಿ ಒಂದರ ಸುತ್ತಮುತ್ತಲಿನ ಷಡ್ಜಕ್ಕೆ. ಹೆಣ್ಣಿನದು ಚಿಕ್ಕದು, ಕರಿ ನಾಲ್ಕರ ಸುತ್ತಮುತ್ತಲಿಗೆ. ಹೆಚ್ಚಿನ ಮಕ್ಕಳಿಗೆ ಹೆಣ್ಣು ತಂಬೂರಿಯೇ ಒಪ್ಪುವಾಗ ಹನ್ನೊಂದು ಮಕ್ಕಳಿಗಾಗಿ ಬೇರೆಯದನ್ನು ಮಾಡಿಸುವದು ನ್ಯಾಯವೇ ಎಂದು ಕಮಿಟಿಯವರು ಕೇಳಿದರು. ನಾವು ನಮ್ಮ ಕಪಾಟಿನಿಂದ ಹಳೆಯ ಹೆಣ್ಣು ತಂಬೂರಿಯೊಂದನ್ನು ಇಳಿಸಿ ತೋರಿಸಿದೆವು. ಯಾವ ಕಾಲಕ್ಕೆ ಯಾರು ತಂದಿರಿಸಿದ್ದೋ, ದಫ್ತರದಲ್ಲಿ ದಾಖಲೆಯಿಲ್ಲ. ತಂತಿಗಳು ತುಕ್ಕು ಹಿಡಿದಿದ್ದವು, ಕುದುರೆ ಸವೆದಿತ್ತು, ಆದರೆ ಬುರುಡೆಯಲ್ಲಿ ಬಿರುಕಿರಲಿಲ್ಲ. ಅದನ್ನು ದುರಸ್ತ ಮಾಡಿಸಲು ಹೊಸದರ ಬೆಲೆಯಲ್ಲಿ ಹತ್ತರಲ್ಲೊಂದು ಪಾಲೂ ಬೇಡ. ಹೆಚ್ಚಿನ ಮಕ್ಕಳಿಗೆ ಅದು ಇದ್ದೇ ಇದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವದೆಲ್ಲ ಅವರ ಧ್ವನಿಗೆ ಹೊಂದುವಂಥದೇ. ಸಿದ್ಧವಾಗಿ ಸಿಕ್ಕದ್ದು ಯಾರಿಗೆ ಬೇಕೋ ಅವರಿಗಾಗಿಯೇ ಅಲ್ಲವೆ ಮಾಡಿಸುವದು? ಕಮಿಟಿಯ ಹಿರಿಯ ಸದಸ್ಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಹನ್ನೊಂದು ಮಂದಿ ಸಣ್ಣ ಸಂಖ್ಯೆಯಲ್ಲ" ಎಂದರು. ಠರಾವು ಪಾಸಾಯಿತು.

ಬೇಸಿಗೆಯ ರಜೆಯಲ್ಲಿ ಸಂಗೀತದ ಶಿಕ್ಷಕಿಯರು, ಆ ಹುಡುಗಿ, ಅವಳ ತಾಯಿ, ನಾವು, ಹೀಗೆ ನಾಲ್ವರು ಹಳೆಯ ತಂಬೂರಿಯನ್ನು ಹಾಸಿಗೆಯಂತೆ ಸುತ್ತಿಕೊಂಡು ಮಿರಜಕ್ಕೆ ಹೊರಟೆವು. ಲೋಂಡಾ, ಬೆಳಗಾವಿ, ಘಟಪ್ರಭಾ ದಾಟಿ ಕುಡಚಿಯ ಹತ್ತಿರ ಕೃಷ್ಣೆಯನ್ನು ದಾಟಿದರೆ ಮಿರಜವು ದೂರವಿಲ್ಲ. ನಮ್ಮ ಹಿರಿಯರಿಗೆ ಮಿರಜವೆಂದರೆ 1894ರಲ್ಲಿ ಡಾಕ್ಟರ್ ವಾನ್ಲೆಸ್ ಅವರು ಸ್ಥಾಪಿಸಿದ ಮಿಶನ್ ಆಸ್ಪತ್ರೆಯೇ. ಹುಡುಗಿಯ ತಾಯಿಯೂ, "ಮಿರಜಕ್ಕ ಬ್ಯಾನಿ ಇಲ್ಲದ ಹೊಂಟಿದ್ದು ಇದ ಮೊದಲ ಸಲ" ಎಂದು ನಕ್ಕಳು.

ವಾದ್ಯ ಮಾಡುವವರ ಓಣಿಯಲ್ಲಿ ಮನೆಮನೆಯ ಮುಂದೆಯೂ ಬುರುಡೆಗಳು ಒಣಗುತ್ತಿರುವವು. ಈ ಕಸಬಿನವರು ಮೂಲದಲ್ಲಿ ಶಿಕಲಗಾರರು, ಎಂದರೆ ಕತ್ತಿ ಕಠಾರಿಗಳಿಗೆ ಸಾಣೆ ಹಿಡಿಯುವವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಆಯುಧಗಳಿಗೆ ಗಿರಾಕಿಯಿಲ್ಲದಂತಾದ ಕಾಲದಲ್ಲಿ, ಫರೀದಸಾಹೇಬರೆಂಬವರು ತಂತಿವಾದ್ಯಗಳ ದುರಸ್ತಿಗೆ ಕೈಹಾಕಿ ಕ್ರಮೇಣ ವಾದ್ಯಗಳನ್ನೇ ಮಾಡತೊಡಗಿದರೆಂದೂ, ಮಿರಜದ ಪಟವರ್ಧನ ಸಂಸ್ಥಾನಿಕರ ಆಶ್ರಯ ದೊರೆಯಿತೆಂದೂ ಅಲ್ಲಿಯವರು ಹೇಳುವರು. ಕತ್ತಿಯನ್ನು ಹದಗೊಳಿಸುತ್ತಿದ್ದ ಕೈಯೇ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ತಿದ್ದಲು ಪಳಗಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ ಖಾನರು ಮಿರಜದಲ್ಲಿಯೇ ನೆಲೆಸಿದ್ದರು; ಸವಾಯಿ ಗಂಧರ್ವರ ಗುರುಗಳಾದ್ದರಿಂದ ನಮ್ಮ ಕಡೆಯ ಸಂಗೀತಕ್ಕೂ ಅವರು ಅಜ್ಜನಿದ್ದಂತೆ. 1937ರಲ್ಲಿ ಅವರು ತೀರಿಕೊಂಡ ತರುವಾಯ ಅಲ್ಲಿಯ ಮೀರಾಸಾಹೇಬರ ದರ್ಗಾದ ಆವರಣದಲ್ಲಿಯೇ ಅವರಿಗೆ ಸಮಾಧಿಯಾಯಿತು. 2024ರಲ್ಲಿ ಮಿರಜದ ಸತಾರ ತಂಬೂರಿಗಳಿಗೆ ಭೌಗೋಲಿಕ ಗುರುತಿನ ಮನ್ನಣೆಯು ಸಿಕ್ಕಿತು. ಆದರೆ ಓಣಿಯಲ್ಲಿ ಕೆಲಸ ಮಾಡುವವರ ತಲೆಗಳಲ್ಲಿ ಕರಿಗೂದಲಿಗಿಂತ ನರೆಗೂದಲೇ ನಮಗೆ ಹೆಚ್ಚಾಗಿ ಕಂಡವು.

ನಾವು ಗೊತ್ತು ಮಾಡಿದ ವೃದ್ಧರು ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವರು. ನಾವು ಬರೆದುಕೊಂಡು ಹೋದ ಕಾಗದವನ್ನು ಓದಲಿಲ್ಲ. ಹುಡುಗಿಯನ್ನು ಎದುರಿಗೆ ಕೂಡ್ರಿಸಿ, "ಸಾ ಅನ್ನು ಮಗಳ" ಎಂದರು. ಅವಳು ಅಂದಳು. ಇನ್ನೊಮ್ಮೆ ಅನ್ನಿಸಿದರು. ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದ ಒಂದು ಗಂಡು ತಂಬೂರಿಯ ತಂತಿಯನ್ನು ಏರಿಸಹೋಗಿ ಕೈಬಿಟ್ಟರು. ಹೆಣ್ಣು ತಂಬೂರಿಯ ತಂತಿಯನ್ನು ಇಳಿಸಿದರು, ಅದು ಸಡಿಲವಾಗಿ ಗೊರಗೊರ ಎಂದಿತು. ಆ ಮೇಲೆ ನಮ್ಮ ಕಡೆಗೆ ತಿರುಗಿ, "ಬಾಯಾರ, ಅಂಗಡಿಯೊಳಗ ಗಂಡೂ ಅದ, ಹೆಣ್ಣೂ ಅದ. ನೀವು ಕೇಳೂದು ಎರಡೂ ಅಲ್ಲ. ಇದನ್ನ ಬ್ಯಾರೆ ಮಾಡಬೇಕಾಗತದ" ಎಂದರು. ನಮ್ಮ ಸಂತೋಷವನ್ನು ಏನೆಂದು ಹೇಳೋಣ! ಅವರ ಮಾತಿನ ಅರ್ಥವಿಷ್ಟು. ಬಿಳಿ ಮೂರು ಎಂಬದು ಎರಡು ಜಾತಿಗಳ ನಡುವಿನ ಜಾಗ. ಗಂಡು ತಂಬೂರಿಯನ್ನು ಅಲ್ಲಿಗೆ ಏರಿಸಿದರೆ ಉದ್ದವಾದ ತಂತಿಯು ಬಿಗಿ ತಾಳಲಾರದೆ ಹರಿಯಬಹುದು. ಹೆಣ್ಣಿನದನ್ನು ಅಲ್ಲಿಗೆ ಇಳಿಸಿದರೆ ಗಿಡ್ಡ ತಂತಿಯು ಸೊರಗುವದು. ಬುರುಡೆಯು ಗಂಡಿನದರ ಹತ್ತಿರ, ದಂಡಿಯ ಉದ್ದವು ಎರಡರ ನಡುವೆ, ದಂಡಿಯ ಅಗಲವು ಹೆಣ್ಣಿನದರಷ್ಟು, ಹೀಗಾದರೆ ಕರಿ ಎರಡರಿಂದ ಬಿಳಿ ನಾಲ್ಕರ ವರೆಗೆ ಸುಖವಾಗಿ ನುಡಿಯುವದು.

ದಂಡಿಯ ಅಗಲದ ಮಾತು ಹೇಗೆ ಬಂತೆಂದರೆ, ಅವರು ಹುಡುಗಿಯ ಕೈಯಲ್ಲಿ ದೊಡ್ಡ ತಂಬೂರಿಯನ್ನು ಕೊಟ್ಟು ನೋಡಿದರು. ಬೆರಳುಗಳು ದಂಡಿಯನ್ನು ಬಳಸಿ ನಾಲ್ಕನೆಯ ತಂತಿಯನ್ನು ಮುಟ್ಟುವಷ್ಟರಲ್ಲಿ ಮಣಿಕಟ್ಟು ಸೊಟ್ಟಗಾಯಿತು. ಶಿಂಪಿಗನು ಅಂಗಿಗೆ ಅಳತೆ ತೆಗೆದುಕೊಳ್ಳುವ ಹಾಗೆ ಒಂದು ಹಗ್ಗದಿಂದ ಅವಳ ಮೊಣಕೈಯಿಂದ ಬೆರಳಿನ ವರೆಗೆ ಅಳೆದು ಹಗ್ಗಕ್ಕೆ ಗಂಟು ಹಾಕಿಟ್ಟುಕೊಂಡರು. ಬೆಂಗಳೂರಿನ ಹುಡುಗನ ಬಾಸ್ ಗಿಟಾರು ನಮ್ಮ ನೆನಪಿಗೆ ಬಂದದ್ದು ಆಗಲೇ. ಇನ್ನೊಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಬಿಳಿ ಮೂರಕ್ಕೆ ಕೂಡಿಸಿದ ತಂಬೂರಿಯ ಖರ್ಜದ ತಂತಿಯು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುವದು. ಬಾಸ್ ಗಿಟಾರಿನ ಎಲ್ಲಕ್ಕಿಂತ ಕೆಳಗಿನ ತಂತಿಯು ಸುಮಾರು 41 ಸಲ. ಸರಿಯಾಗಿ ಒಂದು ಸಪ್ತಕ ಕೆಳಗೆ, ಅದೇ ಸ್ವರ! ಆ ತಾಯಿಗೆ ಇದನ್ನು ಬರೆದು ತಿಳಿಸಿದ್ದೇವೆ.

ಬುರುಡೆಯನ್ನು ಆರಿಸುವ ಕೆಲಸವು ಅರ್ಧ ದಿವಸ ನಡೆಯಿತು. ಇವು ಅಡಿಗೆಯ ಕಾಯಿಗಳಲ್ಲ, ತಿನ್ನಲು ಬಾರದ ಕಹಿಜಾತಿ; ಪಂಢರಪುರ, ಮಂಗಳವೇಢೆಗಳ ಕಡೆಯ ಹೊಲಗಳಲ್ಲಿ ಬೆಳೆಯುವವು. ಬಳ್ಳಿಯಲ್ಲಿಯೇ ಬಲಿತು, ಬಿಸಿಲಿನಲ್ಲಿ ತಿಂಗಳುಗಟ್ಟಲೆ ಒಣಗಿ, ಒಳಗಿನ ತಿರುಳು ಸುಕ್ಕಿ ಬೀಜಗಳು ಗಲಗಲ ಎಂದ ಮೇಲೆಯೇ ಕೆಲಸಕ್ಕೆ ಬರುವವು. ದುಂಡಗಿರಬೇಕು, ಗೋಡೆಯು ಎಲ್ಲ ಕಡೆಗೂ ಒಂದೇ ದಪ್ಪವಾಗಿರಬೇಕು, ಹುಳ ಹೊಕ್ಕಿರಬಾರದು. ವೃದ್ಧರು ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ನಮಗೆ ಎಲ್ಲವೂ ಒಂದೇ ಸದ್ದಿನಂತೆ ಕೇಳಿಸಿತು; ಹುಡುಗಿಯು ಮಾತ್ರ ಏಳೆಂಟರ ತರುವಾಯ, "ಇದು ಛೊಲೊ ಐತ್ರಿ" ಎಂದು ಒಂದನ್ನು ತೋರಿಸಿದಳು. ವೃದ್ಧರು ಅದನ್ನೇ ತೆಗೆದಿಟ್ಟಿದ್ದರು. ಬುರುಡೆಯ ಬಾಯಿ ಕೊರೆದು ನೀರಿನಲ್ಲಿ ನೆನೆಹಾಕಿ, ಒಳಗಿನಿಂದ ಕಟ್ಟಿಗೆಯ ಊರುಗೋಲು ಕೊಟ್ಟು ಆಕಾರಕ್ಕೆ ತಂದು, ಮತ್ತೆ ಒಣಗಿಸಿ, ಆ ಮೇಲೆ ತೂನ್ ಮರದ ದಂಡಿಯನ್ನೂ ಮುಖದ ಹಲಗೆಯನ್ನೂ ಕೂಡಿಸುವರು. ಈ ಮರವು ಹಗುರ, ಕೆಂಪುಛಾಯೆಯದು, ಹಳೆಯದಾದಷ್ಟೂ ಬೆಲೆಯುಳ್ಳದ್ದು.

ಹೂಬಳ್ಳಿಯ ಕೆತ್ತನೆಯ ವಿಷಯದಲ್ಲಿ ನಾವು ಕೃಪಣರಾದೆವು. ವರ್ಗಣಿ ಕೊಟ್ಟವರಲ್ಲಿ ಕೆಲವರು ನವಿಲು ಇರಲಿ, ಶಾಲೆಯ ಹೆಸರಿರಲಿ ಎಂದಿದ್ದರು. ಅಂಚಿಗೆ ಒಂದು ಸಾದಾ ಬಿಳಿಯ ಪಟ್ಟಿಯ ಹೊರತು ಬೇರೇನೂ ಬೇಡವೆಂದು ಹೇಳಿ, ಉಳಿದ ಹಣವನ್ನು ಕುದುರೆಗೂ ಗಟ್ಟಿಯಾದ ಪೆಟ್ಟಿಗೆಗೂ ತೊಡಗಿಸಿದೆವು. ಬಿರಡೆಗಳ ಬದಲು ಗಿಟಾರಿನಂಥ ಹಲ್ಲುಚಕ್ರದ ಕೀಲಿಗಳನ್ನು ಕೂಡ್ರಿಸಿಕೊಡುತ್ತೇನೆ, ಮಕ್ಕಳಿಗೆ ಸುಲಭವೆಂದು ವೃದ್ಧರ ಮಗನು ಹೇಳಿದನು. ಶಿಕ್ಷಕಿಯರು ಕಟ್ಟಿಗೆಯ ಬಿರಡೆಯೇ ಆಗಬೇಕೆಂದು ಹಟ ಹಿಡಿದರು, ಮತ್ತು ನಾವು ಅವರ ಪಕ್ಷವನ್ನೇ ಹಿಡಿದೆವು. ಬಿರಡೆಯು ಜಾರುವದು, ಮೊಂಡಾಟ ಮಾಡುವದು, ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುವದು. ಅದನ್ನು ಪಳಗಿಸುವದೇ ಮೊದಲನೆಯ ವರ್ಷದ ಪಾಠ.

ಕುದುರೆಯ ಮಾತು ಮುಖ್ಯವಾದದ್ದು. ಹಿಂದಿನ ಕಾಲದಲ್ಲಿ ಅದನ್ನು ದಂತದಿಂದಲೂ ಸಾರಂಗದ ಕೊಂಬಿನಿಂದಲೂ ಮಾಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳಿಂದಾಗಿ ಅವು ಈಗ ಸಲ್ಲವು. ಒಂಟೆಯ ಎಲುಬು, ಕರಿಮರ, ಇಲ್ಲವೆ ಕೃತಕ ವಸ್ತುವನ್ನು ಬಳಸುವರು. ನಾವು ಕರಿಮರವನ್ನು ಆರಿಸಿದೆವು. ಈ ಕುದುರೆಯು ಪಿಟೀಲಿನದರಂತೆ ತೆಳುವಾದ ಅಂಚಿನದಲ್ಲ. ಅಗಲವಾಗಿ, ಬಹು ಸ್ವಲ್ಪವೇ ಉಬ್ಬಾಗಿರುವದು. ತಂತಿಯು ಅದರ ಬೆನ್ನನ್ನು ಸವರುತ್ತ ಕಂಪಿಸುವದರಿಂದ ನಾದವು ಹರಡಿ ಗುಂಯ್‌ಗುಡುವದು. ತಂತಿಯ ಕೆಳಗೆ ಒಂದೊಂದು ನೂಲಿನೆಳೆಯನ್ನು ತೂರಿಸಿ ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಕ್ಷಣದಲ್ಲಿ ನಾದವು ಹೂವಿನಂತೆ ಬಿರಿಯುವದು. ಆ ನೂಲಿಗೆ ಜೀವವೆಂದೇ ಹೆಸರು. ಕುದುರೆಯ ಈ ಹದಕ್ಕೆ ಜವಾರಿಯೆನ್ನುವರು. ನಮ್ಮ ಕಡೆಗೆ ಜವಾರಿಯೆಂದರೆ ನಾಡತಳಿಯ ಬದನೆಕಾಯಿ, ಕೋಳಿಗಳಿಗೆ ಹೇಳುವ ಮಾತಾದ್ದರಿಂದ ಮಕ್ಕಳಿಗೆ ಬಹಳ ನಗು ಬಂತು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುವೆವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರತಕ್ಕ ಉಪಸ್ವರಗಳು ಆ ತಂತಿಯಿಂದ ಹುಟ್ಟಲಾರವೆಂಬದು ಪಾಶ್ಚಾತ್ಯ ಶಾಸ್ತ್ರಜ್ಞರ ನಿಯಮವಾಗಿತ್ತು. ನಮ್ಮ ವೀಣೆ ತಂಬೂರಿಗಳು ತಮ್ಮ ಅಗಲ ಕುದುರೆಯ ಬಲದಿಂದ ಈ ನಿಯಮಕ್ಕೆ ತಲೆಬಾಗುವದಿಲ್ಲವೆಂದು ಸಿ. ವಿ. ರಾಮನ್ನರು 1921ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದರು. ನಮ್ಮ ವಿಜ್ಞಾನದ ಶಿಕ್ಷಕಿಯರು ಈಗ ಧ್ವನಿಯ ಪಾಠಕ್ಕೆ ತಂಬೂರಿಯನ್ನು ಕೇಳಿ ಒಯ್ಯುವದುಂಟು. ಇದು ನಮಗೆ ಅನಿರೀಕ್ಷಿತ ಲಾಭ.

ಮಳೆಗಾಲದಲ್ಲಿ ಅಂಟೂ ಅರಗೂ ಒಣಗುವದಿಲ್ಲವಾದ್ದರಿಂದ ದಸರೆಯ ವರೆಗೆ ಕಾಯಬೇಕೆಂದು ಹೇಳಿದ್ದರು. ದೀಪಾವಳಿಯೂ ದಾಟಿತು. ವರ್ಗಣಿ ಕೊಟ್ಟವರಿಗೆ ಉತ್ತರ ಬರೆಯುವದೇ ಒಂದು ಕೆಲಸವಾಯಿತು. ನವೆಂಬರಿನ ಒಂದು ಬೆಳಿಗ್ಗೆ ವೃದ್ಧರು ತಮ್ಮ ಮಗನೊಡನೆ ತಾವೇ ಹೊತ್ತು ತಂದರು. ರೈಲಿನ ಅಲುಗಾಟದಲ್ಲಿ ಕುದುರೆಯು ತುಸು ಸರಿದಿದ್ದಿತು. ನಮ್ಮ ಪಡಸಾಲೆಯಲ್ಲಿ ಕುಳಿತು ಎರಡು ತಾಸು ಅದರ ಹದವನ್ನು ಪುನಃ ಕೂಡಿಸಿದರು. ಶಾಲೆಯ ಗಂಟೆ ಹೊಡೆದಾಗಲೆಲ್ಲ ಕೈ ತಡೆದು, ಗಂಟೆಯ ಅನುರಣನವು ಮುಗಿಯುವವರೆಗೆ ಕಾಯುತ್ತಿದ್ದರು.

ಆ ಹುಡುಗಿಯನ್ನು ಕರೆಸಿ ತಂಬೂರಿಯನ್ನು ಅವಳ ತೊಡೆಯ ಮೇಲೆ ನಿಲ್ಲಿಸಿದರು. ಪಂಚಮ, ಷಡ್ಜ, ಷಡ್ಜ, ಖರ್ಜ. ಬೆರಳು ಸರಾಗವಾಗಿ ನಾಲ್ಕನೆಯ ಹಿತ್ತಾಳೆಯ ತಂತಿಯ ವರೆಗೆ ಹೋಗಿ ಬಂತು. ಬಹಳ ಹೊತ್ತು ಅವಳು ಬಾರಿಸುತ್ತಲೇ ಇದ್ದಳು. ಆ ಮೇಲೆ ತಲೆಯೆತ್ತಿ, "ಅಕ್ಕಾರ, ಯಾರೊ ಗ ಅಂತಾರ" ಎಂದಳು. ಗಾಂಧಾರದ ತಂತಿಯು ತಂಬೂರಿಯಲ್ಲಿ ಇಲ್ಲವೇ ಇಲ್ಲ. ಶ್ರುತಿಯು ಚೆನ್ನಾಗಿ ಕೂಡಿದಾಗ ಖರ್ಜದ ಒಳಗಿನಿಂದ ತಾನೇ ಎದ್ದು ಬರುವ ಗಾಂಧಾರವದು. ವೃದ್ಧರು ಏನೂ ಮಾತಾಡದೆ ತಮ್ಮ ಸಾಮಾನುಗಳನ್ನು ಚೀಲದಲ್ಲಿ ತುಂಬತೊಡಗಿದರು. ಅವಳು ಆ ಗಾಂಧಾರವನ್ನು ಹಿಡಿದು ಹಾಡಿದಳು. ಪಡಸಾಲೆಯ ಕಿಟಕಿಗಳಲ್ಲಿ ಎಷ್ಟು ಮುಖಗಳು ಕೂಡಿದ್ದವೋ! ತರಗತಿಗೆ ಹೋಗಿರೆಂದು ಹೇಳಬೇಕಾದ ನಾವೇ ಸುಮ್ಮನೆ ನಿಂತಿದ್ದೆವು.

ಈಗ ವಾರದಲ್ಲಿ ಎರಡು ದಿವಸ ಬೆಳಗಿನ ಪ್ರಾರ್ಥನೆಯು ಬಿಳಿ ಮೂರಕ್ಕೆ ನಡೆಯುವದು. ಮೊದಲನೆಯ ವಾರ ಎತ್ತರದ ಧ್ವನಿಯ ಮಕ್ಕಳು ಗೊಣಗಿದರು. ಕೆಳಗಿನ ಸ್ವರಗಳು ತಮ್ಮ ಗಂಟಲಿಗೆ ಎಟುಕುವದಿಲ್ಲವೆಂದು ದೂರು ತಂದರು. ಉಳಿದ ದಿವಸಗಳಲ್ಲಿ ಹಿಂದಿನ ಸಾಲಿನವರಿಗೆ ಏನಾಗುತ್ತಿತ್ತೆಂಬದು ಅವರಿಗೆ ಹೇಳದೆಯೇ ತಿಳಿಯಿತು. ತಂಬೂರಿಯು ದೇವಾರಾಧನೆಗೆ ಒಪ್ಪುವದೇ ಎಂದು ಇಬ್ಬರು ಪಾಲಕರು ಬರೆದು ಕೇಳಿರುವರು. ನಿಘಂಟಿನ ಕಿಟೆಲ್ ಪಂಡಿತರು ಯೇಸುಸ್ವಾಮಿಯ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ಹಾಡಲು ಬರುವಂತೆ "ಕಥಾಮಾಲೆ"ಯೆಂಬ ಹೆಸರಿನಿಂದ 1862ರಲ್ಲಿಯೇ ರಚಿಸಿದ್ದರೆಂಬದನ್ನು ಅವರಿಗೆ ನೆನಪು ಮಾಡಿಕೊಟ್ಟಿದ್ದೇವೆ. ಆ ಹುಡುಗಿಯು ಈಗ ಹತ್ತನೆಯ ಇಯತ್ತೆಯಲ್ಲಿರುವಳು. ಗಣಿತದಲ್ಲಿ ಇನ್ನೂ ಬಹಳ ಲಕ್ಷ್ಯ ಕೊಡಬೇಕಾಗಿದೆ. ತಂಬೂರಿಯ ಕೋಣೆಯಲ್ಲಿ ಕಳೆಯುವ ಹೊತ್ತಿನಲ್ಲಿ ಅರ್ಧವನ್ನಾದರೂ ಅದಕ್ಕೆ ಕೊಡಲೆಂದು ಅವಳ ತಂದೆಯವರು ಹೇಳಿಕಳಿಸಿದ್ದಾರೆ, ಅದು ಯೋಗ್ಯವಾದ ಮಾತು.

ಹಳೆಯ ಹೆಣ್ಣು ತಂಬೂರಿಯೂ ಹೊಸ ಕುದುರೆ, ಹೊಸ ತಂತಿಗಳೊಡನೆ ಮಿರಜದಿಂದ ಮರಳಿ ಬಂದಿದೆ. ಇವೆರಡರ ತರುವಾಯ ಉಳಿದ ಹಣವು ತಂತಿಗಳಿಗೂ, ವರ್ಷಕ್ಕೊಮ್ಮೆ ಜವಾರಿ ತಿದ್ದಿಸುವದಕ್ಕೂ ಬೇರೆಯಾಗಿ ಇಡಲ್ಪಟ್ಟಿದೆ. ಧಾರವಾಡದ ಮಳೆಯಲ್ಲಿ ಗೋಡೆಗಳೂ ಬೆವರುವದರಿಂದ, ಜೂನಿನಿಂದ ಸಪ್ಟೆಂಬರಿನ ವರೆಗೆ ಎರಡನ್ನೂ ಗವಸಣಿಗೆಯೊಡನೆ ಪೆಟ್ಟಿಗೆಯಲ್ಲಿ ಇಡಲಾಗುವದು. ಸಮ್ಮೇಲನಕ್ಕೆ ಬರುವ ಹಳೆಯ ವಿದ್ಯಾರ್ಥಿನಿಯರು ಸಂಜೆ ನಾಲ್ಕು ಗಂಟೆಯ ತರುವಾಯ ಸಂಗೀತದ ಕೋಣೆಯಲ್ಲಿ ಇವುಗಳನ್ನು ನೋಡಬಹುದು, ಬಾರಿಸಿಯೂ ನೋಡಬಹುದು. ಅರಗಿನ ಹೊಳಪು ಇನ್ನೂ ಹೊಸದಾಗಿದೆ. ಆದ್ದರಿಂದ ಉಂಗುರ ಬಳೆಗಳನ್ನು ಕೋಣೆಯ ಹೊರಗಿರುವ ತಟ್ಟೆಯಲ್ಲಿ ತೆಗೆದಿಟ್ಟು ಒಳಗೆ ಬರಬೇಕು. ಹೋಗುವಾಗ ಮರೆಯದೆ ತೆಗೆದುಕೊಂಡು ಹೋಗಬೇಕು.